ಮನೆಯ ರೀಫ್ ಟ್ಯಾಂಕ್‌ನಲ್ಲಿ ದೈತ್ಯ ಕ್ಲಾಮ್ ಸಾಕುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಧಾರವಾಡದ ಮನೆಯಲ್ಲಿ 200 ಲೀಟರ್‌ನ ಉಪ್ಪುನೀರಿನ ಟ್ಯಾಂಕ್ ಇಟ್ಟು ಎರಡು ತಿಂಗಳಾಗಿದೆ, ಯಾರೋ ಒಂದು ಮ್ಯಾಕ್ಸಿಮಾ ಕ್ಲಾಮ್ (ಕಡಲಿನ ದೈತ್ಯ ಚಿಪ್ಪುಜೀವಿಗಳಲ್ಲಿ ಒಂದು ಜಾತಿ) ಕೊಡ್ತೀನಿ ಅಂತಿದ್ದಾರೆ, ತಗೊಳ್ಳಲಾ, ತಗೊಂಡರೆ ಅದು ಸಾಯದಂತೆ ನೋಡಿಕೊಳ್ಳೋದು ಹೇಗೆ.

ಈಗ ತಗೋಬೇಡಿ. ಒಂದು ಕಾರಣ ಕಾನೂನು, ಇನ್ನೊಂದು ನೀರು.

ಕಾನೂನಿನದು ಬೇಗ ಹೇಳಿಬಿಡ್ತೀನಿ. ಮ್ಯಾಕ್ಸಿಮಾ, ಸ್ಕ್ವಾಮೋಸಾ ಎರಡೂ ನಮ್ಮ ಲಕ್ಷದ್ವೀಪ, ಅಂಡಮಾನ್ ಕಡಲಲ್ಲಿ ಇರುವ ಜಾತಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಇವನ್ನು 2001ರಲ್ಲಿ ಸೇರಿಸಿದರು. ಹುಲಿ ಇರುವ ಪಟ್ಟಿ ಅದು. ಮೇಲಾಗಿ ದೈತ್ಯ ಕ್ಲಾಮ್‌ನ ಎಲ್ಲ ಜಾತಿಗಳೂ ಸೈಟಿಸ್ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಹಾಗಾಗಿ ಹೊರದೇಶದ ಫಾರ್ಮ್‌ನಲ್ಲಿ ಬೆಳೆಸಿದ್ದು ಅಂದರೂ ಅದಕ್ಕೆ ಕಾಗದಪತ್ರ ಇರಲೇಬೇಕು. ‘ಡಬ್ಬಿಯಲ್ಲಿ ಪ್ಯಾಕ್ ಮಾಡಿ ರಾತ್ರಿ ಬಸ್ಸಿಗೆ ಹಾಕ್ತೀನಿ’ ಅನ್ನುವವರ ಹತ್ತಿರ ಅದು ಇರೋದಿಲ್ಲ ಬಿಡಿ.

ನಾನು ಸಾಕಿದ್ದು ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾಗ. ಅಂಗೈ ಅಗಲದ ಮ್ಯಾಕ್ಸಿಮಾ, ನೀಲಿ ಮೈಮೇಲೆ ಕಪ್ಪು ಚುಕ್ಕೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ ಅವ್ವ ಅಂದಳು: “ಕಾರವಾರದಾಗ ಇಂಥಾವನ್ನ ಸಾರು ಮಾಡ್ತಾರ. ನೀ ನೋಡಿದ್ರ ಇದಕ್ಕ ಇಷ್ಟ್ ರೊಕ್ಕದ ಲೈಟ್ ಹಚ್ಚೀಯಲ್ಲೋ!”

ಆ ಲೈಟೇ ಅದರ ಊಟ. ಚಿಪ್ಪಿನಿಂದ ಸೆರಗಿನ ಹಾಗೆ ಹೊರಗೆ ಚಾಚುವ ಬಣ್ಣದ ಭಾಗಕ್ಕೆ ಮ್ಯಾಂಟಲ್ ಅಂತಾರೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆ ಮಾಡಿಕೊಂಡಿರುತ್ತದೆ. ಪಾಚಿ ಬೆಳಕಿನಿಂದ ಸಕ್ಕರೆ ಮಾಡುತ್ತದೆ, ಕ್ಲಾಮ್ ಅದನ್ನು ತಿನ್ನುತ್ತದೆ. ಬದಲಿಗೆ ಪಾಚಿಗೆ ಕ್ಲಾಮ್‌ನ ತ್ಯಾಜ್ಯವೇ ಗೊಬ್ಬರ. ಸಾಲದಿದ್ದರೆ ನೀರಿನಲ್ಲಿರುವ ಅಮೋನಿಯಾ, ನೈಟ್ರೇಟನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ನೈಟ್ರೇಟ್ ಸೊನ್ನೆ ಮಾಡಿ ‘ಟ್ಯಾಂಕ್ ಫಳಫಳ ಇದೆ’ ಅಂತ ಖುಷಿಪಡುವವರ ಕ್ಲಾಮ್ ಬಣ್ಣಗೆಡುತ್ತದೆ. 5 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 5 ಪಾಲು) ಆಸುಪಾಸು ಇದ್ದರೆ ನನಗೇನೂ ಚಿಂತೆ ಇರಲಿಲ್ಲ.

ಜಾತಿ ನೋಡಿ ಜಾಗ ಕೊಡಬೇಕು. ಮ್ಯಾಕ್ಸಿಮಾ, ಕ್ರೋಸಿಯಾ ಎರಡಕ್ಕೂ ಜೋರು ಬೆಳಕು ಬೇಕು, ಇವು ಕಲ್ಲಿಗೆ ಅಂಟಿಕೊಳ್ಳುವಂಥವು. ಡೆರಾಸಾ, ಸ್ಕ್ವಾಮೋಸಾ ಸ್ವಲ್ಪ ಕಡಿಮೆ ಬೆಳಕಿನಲ್ಲಿ ಮರಳಿನ ಮೇಲೂ ಇರುತ್ತವೆ. ಆದರೆ ಡೆರಾಸಾ ಅರ್ಧ ಮೀಟರ್‌ವರೆಗೆ ಬೆಳೆಯುತ್ತದೆ, ನಿಮ್ಮ 200 ಲೀಟರ್‌ನಲ್ಲಿ ಅದನ್ನೆಲ್ಲಿ ಇಡ್ತೀರಿ? ಯಾವುದೇ ಇರಲಿ, ಹೊಸದನ್ನು ಮೊದಲು ಕೆಳಗೆ ಇಟ್ಟು ವಾರಗಟ್ಟಲೆ ಬಿಟ್ಟು ಮೇಲೇರಿಸಬೇಕು.

ಹೀಗೆ ಜಾಗ ಬದಲಿಸುವಾಗಲೇ ನಾನು ತಪ್ಪು ಮಾಡಿದ್ದು. ಕ್ಲಾಮ್ ತನ್ನ ತಳದ ಸೀಳಿನಿಂದ ನಾರಿನಂಥ ಎಳೆಗಳನ್ನು ಬಿಟ್ಟು ಕಲ್ಲಿಗೆ ಕಟ್ಟಿಕೊಳ್ಳುತ್ತದೆ. ನಾಲ್ಕು ವರ್ಷ ಚೆನ್ನಾಗಿದ್ದ ಕ್ಲಾಮನ್ನು ಒಂದು ಶುಕ್ರವಾರ ಗಾಜು ಒರೆಸುವಾಗ ‘ಸ್ವಲ್ಪ ಪಕ್ಕಕ್ಕಿಡೋಣ’ ಅಂತ ಹಿಡಿದೆತ್ತಿದೆ. ಚಟ್ ಅಂತ ಬಂತು. ತಿರುಗಿಸಿ ನೋಡಿದರೆ ಎಳೆಗಳ ಬುಡದಲ್ಲಿ ಬಿಳಿ ಮಾಂಸದ ಚೂರು ನೇತಾಡುತ್ತಿತ್ತು. ಮೊದಲೆಲ್ಲ ಕೈಯ ನೆರಳು ಬಿದ್ದರೆ ಸಾಕು, ಸರಕ್ಕನೆ ಮುಚ್ಚಿಕೊಳ್ಳುತ್ತಿತ್ತು. ಮ್ಯಾಂಟಲ್ ಅಂಚಿನಲ್ಲಿ ನೂರಾರು ಪುಟಾಣಿ ಕಣ್ಣುಗಳಿರುತ್ತವೆ ಅದಕ್ಕೆ. ಮರುದಿನ ನೆರಳು ಬಿದ್ದರೂ ಅಲ್ಲಾಡಲಿಲ್ಲ. ಬಾಯಿ ಅಗಲ ಬಿಟ್ಟುಕೊಂಡು ಕೂತಿತ್ತು. ಮೂರನೇ ದಿನ ನಾತ ಹೊಡೆಯಿತು. ಎಳೆಯನ್ನು ಕಲ್ಲಿನ ಕಡೆಯಿಂದ ಬ್ಲೇಡಿನಲ್ಲಿ ಕೊಯ್ಯಬೇಕು, ಇಲ್ಲವೇ ಕಲ್ಲಿನ ಸಮೇತ ಎತ್ತಬೇಕು. ಎಳೆಯಲೇಬಾರದು.

ಇನ್ನು ನೀರು. ನಮ್ಮ ಅವಳಿನಗರದಲ್ಲಿ ನಿಜವಾದ ಕಷ್ಟ ಇದೇ. ನಲ್ಲಿ ನೀರು ಬಂದ ದಿನ ತುಂಬಿಟ್ಟುಕೊಳ್ಳುವುದು, ಖಾಲಿಯಾದರೆ ಬೋರ್‌ನೀರು. ಎರಡನ್ನೂ ನೇರ ಟ್ಯಾಂಕಿಗೆ ಹಾಕುವಂತಿಲ್ಲ. ಅಡುಗೆಮನೆಯ ಆರ್‌ಒ ನೀರೂ ಸಾಲದು. ರುಚಿಗೆ ಅಂತ ಅದರಲ್ಲಿ ಕಚ್ಚಾ ನೀರನ್ನೇ ಸ್ವಲ್ಪ ಬೆರೆಸಿರುತ್ತಾರೆ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವಂತೆ, ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹೀರುವ ಡಿಐ ರಾಳದ ಡಬ್ಬಿ ಜೋಡಿಸಿ. ಈಗ ಹುಬ್ಬಳ್ಳಿಯ ಕೇಶ್ವಾಪುರದ ಮನೆಯಲ್ಲಿ ನನ್ನದೂ ಅದೇ ವ್ಯವಸ್ಥೆ. ಕ್ಲಾಮ್ ಇಲ್ಲ, ಎರಡು ಕ್ಲೌನ್ ಮೀನು ಮಾತ್ರ.

ಏಪ್ರಿಲ್‌ನಲ್ಲಿ ನೀರು 30 ಡಿಗ್ರಿ ದಾಟುತ್ತದೆ. ಕ್ಲಾಮ್‌ಗೆ 25-26 ಇದ್ದರೆ ಹಿತ. ಮೇಲೊಂದು ಸಣ್ಣ ಫ್ಯಾನ್ ತಿರುಗಿಸಿದರೆ ಎರಡು ಡಿಗ್ರಿ ಇಳಿಯುತ್ತದೆ, ಆದರೆ ಬಕೆಟ್‌ಗಟ್ಟಲೆ ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟು ಸಿಹಿನೀರನ್ನೇ ದಿನಾ ಹಾಕಬೇಕು. ಸಾಂದ್ರತೆ (ಸಿಹಿನೀರಿನದು 1 ಅಂದರೆ) 1.025ರಲ್ಲಿ ನಿಲ್ಲಬೇಕು. ವಾರಕ್ಕೊಮ್ಮೆ ಒಂದೇ ಸಲ ಸುರಿದರೆ ಕ್ಲಾಮ್ ಮುಖ ಮುಚ್ಚಿಕೊಳ್ಳುತ್ತದೆ.

ಚಿಪ್ಪು ಬೆಳೆಯಲು ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಆಲ್ಕಲಿನಿಟಿ (ನೀರಿನ ಕ್ಷಾರಬಲ) 8-9 ಡಿಕೆಎಚ್ (ಅದನ್ನು ಅಳೆಯುವ ಮಾನ), ಮೆಗ್ನೀಸಿಯಂ 1300ರ ಹತ್ತಿರ ಇರಲಿ. ನಾನು ರಾತ್ರಿ ಹೊತ್ತು ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬಿಡುತ್ತಿದ್ದೆ. ಹೌದು, ಎಲೆ ಅಡಿಕೆಯ ಸುಣ್ಣ ಯಾವ ವಸ್ತುವೋ ಅದೇ, ಆದರೆ ಅಂಗಡಿಯ ಸುಣ್ಣದಲ್ಲಿ ಏನೇನು ಬೆರೆತಿರುತ್ತದೋ, ಅದನ್ನು ಹಾಕಬೇಡಿ. ಶುದ್ಧವಾದದ್ದೇ ಬೇಕು. ಹೊಸ ಚಿಪ್ಪು ಬೆಳೆಯುವಾಗ ಅಂಚಿನಲ್ಲಿ ಉಗುರಿನಂಥ ಬಿಳಿ ಗೆರೆ ಕಾಣುತ್ತದೆ. ಅದು ಕಂಡರೆ ಎಲ್ಲ ಸರಿ ಇದೆ ಅಂತ ಅರ್ಥ.

ಮೀನಿಗೆ ಬಿಳಿ ಚುಕ್ಕೆ ರೋಗ ಬಂತು ಅಂತ ತಾಮ್ರ ಇರುವ ಔಷಧಿ ಹಾಕಿದಿರೋ, ಕ್ಲಾಮ್ ಹೋಯಿತು. ಮೀನನ್ನು ಬೇರೆ ತೊಟ್ಟಿಗೆ ಹಾಕಿ ಔಷಧಿ ಕೊಡಿ. ಏಂಜಲ್, ಬಟರ್‌ಫ್ಲೈ ಮೀನುಗಳು ಮ್ಯಾಂಟಲ್ ಕಚ್ಚುತ್ತವೆ, ಅವನ್ನು ಜೊತೆಗೆ ಇಡಬೇಡಿ. ರಾತ್ರಿ ಲೈಟ್ ಆರಿದ ಮೇಲೆ ಟಾರ್ಚ್ ಹಿಡಿದು ಚಿಪ್ಪಿನ ಅಂಚು, ತಳ ನೋಡಿ. ಅಕ್ಕಿನುಚ್ಚಿನಂಥ ಬಿಳಿ ಬಸವನಹುಳುಗಳು ಕೂತಿದ್ದರೆ ಅವು ಕ್ಲಾಮ್‌ನ ರಸ ಹೀರುವಂಥವು. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ತೆಗೆಯಬೇಕು, ಮೊಟ್ಟೆ ಉಳಿದಿರುತ್ತವೆ, ಆದ್ದರಿಂದ ದಿನಾ ನೋಡಬೇಕು.

ನಿಮ್ಮ ಎರಡು ತಿಂಗಳ ಟ್ಯಾಂಕ್‌ನಲ್ಲಿ ಅಂಕಿಗಳು ಇನ್ನೂ ದಿನಕ್ಕೊಂದು ಥರ ಕುಣಿಯುತ್ತಿರುತ್ತವೆ ಅಲ್ವಾ? ಒಂದು ವರ್ಷ ಮೀನು ಮಾತ್ರ ಇಟ್ಟುಕೊಳ್ಳಿ. ಒಂದು ಬೇಸಿಗೆ ದಾಟಿಸಿ. ಸಾಂದ್ರತೆ, ಉಷ್ಣತೆ, ಆಲ್ಕಲಿನಿಟಿ ಮೂರನ್ನೂ ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿ. ಮುಂದಿನ ಮೇ ತಿಂಗಳ ಪುಟ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.