ಮಳೆ ಬಂದಿತ್ತೋ ಇಲ್ಲವೋ

ಪತ್ರ: ಮೈಸೂರಿನಲ್ಲಿ ಬಿ.ಎ. ಓದುವಾಗ ಜೊತೆಯ ಹುಡುಗನೊಬ್ಬ ನನಗೆ ಮುತ್ತು ಕೊಟ್ಟಿದ್ದ. ಒಂದೇ ಒಂದು ಸಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಜೋರು ಮಳೆಯಲ್ಲಿ. ಆಮೇಲೆ ಅವನು ಕೆಲಸ ಹುಡುಕಿಕೊಂಡು ಹೋದ, ನನಗೆ ಮದುವೆಯಾಯಿತು. ಮೊನ್ನೆ ಒಂದು ಮದುವೆಯಲ್ಲಿ ಸಿಕ್ಕಿದ್ದ. ಮಂಡಿನೋವಿನ ಬಗ್ಗೆ ಮಾತಾಡಿ ಹೋದ. ಮರೆತೇಬಿಟ್ಟನಾ? ಅವತ್ತು ರಾತ್ರಿಯೇ ಹಾಸ್ಟೆಲಿನಲ್ಲಿ ಗೆಳತಿಗೆ ಎಲ್ಲ ಹೇಳಿದ್ದೆ. ಅವಳೀಗ, “ಮಳೆ ಎಲ್ಲಿತ್ತೇ? ಸಂಕ್ರಾಂತಿ ರಜ ಮುಗಿಸಿ ಬಂದ ವಾರ ಅದು” ಅನ್ನುತ್ತಾಳೆ. ಇಷ್ಟು ವರ್ಷ ನಾನು ಜೋಪಾನ ಮಾಡಿದ್ದು ಸುಳ್ಳನ್ನಾ?
— ಹೆಸರು ಬೇಡ ಎಂದಿರುವ ಓದುಗರು, ಹಾಸನ

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಮಳೆಯ ವಿಚಾರ ಮುಗಿಸೋಣ. ನಿಮ್ಮ ಗೆಳತಿ ಹೇಳೋದೇ ಸರಿ ಇರಬಹುದು. ಸಂಕ್ರಾಂತಿ ಹೊತ್ತಿಗೆ ಮೈಸೂರಿನಲ್ಲಿ ಕೊಡೆಗಳೆಲ್ಲ ಅಟ್ಟ ಸೇರಿರುತ್ತವೆ. ಆದರೆ ಮಳೆ ಸುಳ್ಳಾದರೆ ಮುತ್ತೂ ಸುಳ್ಳಾಗಬೇಕಿಲ್ಲ.

1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಛಿದ್ರವಾಯಿತಲ್ಲ, ಮಾರನೇ ದಿನ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಹಾಳೆ ಕೊಟ್ಟು ಬರೆಸಿಕೊಂಡರು. ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಆಗ ಏನು ಮಾಡುತ್ತಿದ್ದಿರಿ ಅಂತ. ಎರಡೂವರೆ ವರ್ಷ ಬಿಟ್ಟು ಮತ್ತೆ ಅದನ್ನೇ ಕೇಳಿದರೆ ಬಹಳ ಜನ ಬೇರೆಯದೇ ಕಥೆ ಹೇಳಿದರು. ಅದೂ ಕಣ್ಣಿಗೆ ಕಟ್ಟಿದ ಹಾಗೆ, ಗಟ್ಟಿ ನಂಬಿಕೆಯಿಂದ. ನೌಕೆ ಒಡೆದದ್ದಂತೂ ನಿಜ. ಜಾಗ, ಹೊತ್ತು, ಜನ ಅದಲುಬದಲಾಗಿದ್ದರು, ಅಷ್ಟೇ. ಯಾವುದನ್ನು ಜಾಸ್ತಿ ಸಲ ನೆನೆಯುತ್ತೇವೋ ಅದಕ್ಕೆ ಪ್ರತಿ ಸಲವೂ ಒಂಚೂರು ಹೊಸದು ಸೇರಿಕೊಳ್ಳಬಹುದು. ನೀವು ಎಷ್ಟು ಮಳೆಗಾಲ ಕಿಟಕಿ ಹತ್ತಿರ ಕೂತು ಅವನನ್ನು ನೆನೆದಿದ್ದೀರೋ! ಯಾವುದೋ ಒಂದು ವರ್ಷದ ಮಳೆ ಕೆರೆ ಏರಿಗೂ ಹೋಗಿ ಸುರಿದಿರಬಹುದು.

ಮುತ್ತು ನೆನಪಿನಲ್ಲಿ ಹಿಗ್ಗುವುದು ನಿಮಗೊಬ್ಬರಿಗೇ ಆದದ್ದೂ ಅಲ್ಲ. 1933ರ ‘ಕರ್ಮ’ ಚಿತ್ರದಲ್ಲಿ ದೇವಿಕಾ ರಾಣಿ, ಹಿಮಾಂಶು ರಾಯ್ ಅವರ ದೃಶ್ಯದ ಬಗ್ಗೆ ಕೇಳಿರುತ್ತೀರಿ. ನಾಲ್ಕು ನಿಮಿಷದ ಮುತ್ತು ಅಂತ ಇವತ್ತಿಗೂ ಬರೆಯುತ್ತಾರೆ. ಚಿತ್ರದಲ್ಲಿ ಅದು ಅಷ್ಟು ಉದ್ದ ಇಲ್ಲ. ಒಂದೇ ಮುತ್ತೂ ಅಲ್ಲ. ಹಾವು ಕಚ್ಚಿ ಪ್ರಜ್ಞೆ ತಪ್ಪಿ ಬಿದ್ದವನನ್ನು ಅವಳು ಮತ್ತೆ ಮತ್ತೆ ಮುದ್ದಿಸುತ್ತಾಳೆ, ಅವನು ಎಚ್ಚರವಾಗಲಿ ಅಂತ. ಹಾವನ್ನೂ ಸಂಕಟವನ್ನೂ ಜನ ಮರೆತರು, ನಿಮಿಷಗಳನ್ನು ಮಾತ್ರ ಬೆಳೆಸಿದರು. (ತೆರೆಯ ಮೇಲಿನ ಆ ಜೋಡಿ ಮನೆಯಲ್ಲೂ ಗಂಡ ಹೆಂಡತಿಯೇ. ದೇವಿಕಾ ರಾಣಿ ಕೊನೆಯ ಕಾಲ ಕಳೆದದ್ದು ನಮ್ಮ ಬೆಂಗಳೂರಿನಲ್ಲಿ.) ರೀಲು ಕಣ್ಣೆದುರಿಗೆ ಇದ್ದೂ ಹೀಗಾಗುತ್ತದೆ. ನಿಮ್ಮ ಹತ್ತಿರ ರೀಲೂ ಇಲ್ಲ.

ಇನ್ನು ಅವರು ಮರೆತರಾ ಅಂತ. ಮದುವೆ ಮನೆ, ಅಕ್ಕಪಕ್ಕ ನೆಂಟರು, ಒಳಗೆ ಪಂಕ್ತಿಗೆ ಕರೆಯುತ್ತಿದ್ದಾರೆ, ಕೈಯಲ್ಲಿ ತಾಂಬೂಲದ ಚೀಲ. ಅಲ್ಲಿ ನಿಂತು ಮಂಡಿನೋವಲ್ಲದೆ ಇನ್ನೇನು ಮಾತಾಡಬೇಕಿತ್ತು, ಹೇಳಿ? ಅಷ್ಟರಿಂದ ಮರೆತರು ಅಂತಲೂ ಅನ್ನಲಾಗದು, ನೆನಪಿದೆ ಅಂತಲೂ ಅನ್ನಲಾಗದು. ಅವರಿಗೆ ಆ ಸಂಜೆ ಸುಮ್ನೆ ಒಂದು ಸಂಜೆಯಾಗಿತ್ತೇನೋ. ಹಾಗಿದ್ದರೂ ನಿಮ್ಮ ಪಾಲಿನದು ಕಮ್ಮಿಯಾಗಲ್ಲ. ಜಗತ್ತಿನ 168 ಸಮಾಜಗಳನ್ನು ನೋಡಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರೇಮಿಗಳು ತುಟಿಗೆ ತುಟಿ ಸೇರಿಸುವ ರೂಢಿ ಕಂಡದ್ದು 77ರಲ್ಲಿ ಮಾತ್ರ. ತುಟಿ ಎಲ್ಲರಿಗೂ ಇದೆ. ಅದಕ್ಕೆ ಅರ್ಥ ತುಂಬುವವರು ಆಯಾ ಜನ. ಇಬ್ಬರೂ ಒಂದೇ ಅಳತೆಯಲ್ಲಿ ತುಂಬುತ್ತಾರೆ ಅನ್ನೋ ಖಾತ್ರಿ ಎಲ್ಲಿದೆ?

ಫೋನ್ ನಂಬರ್ ಹುಡುಕಿ ಅವರನ್ನೇ ಕೇಳಬೇಕು ಅನ್ನಿಸಿದರೆ ನಾನಂತೂ ಬೇಡ ಅನ್ನುತ್ತೇನೆ. ‘ನೆನಪಿಲ್ಲ’ ಅಂದರೆ ನಿಮಗೆ ನೋವು. ‘ನೆನಪಿದೆ’ ಅಂದರೆ ಮುಂದಿನ ಮಾತು ಏನು ಅಂತ ಇಬ್ಬರಿಗೂ ಗೊತ್ತಿರಲ್ಲ.

ಕೇಳಬೇಕಾದ್ದು ಗೆಳತಿಯನ್ನು. ಮಳೆಗಾಗಿ ಜಗಳ ಬೇಡ, ಆಕೆಯದೂ ನೆನಪೇ ಅಲ್ವಾ. ಆದರೆ ಅವತ್ತು ರಾತ್ರಿ ನೀವು ಏನು ಹೇಳಿದಿರಿ, ಹೇಳುವಾಗ ನಕ್ಕಿರಾ, ಅತ್ತಿರಾ, ಅವಳು ಏನಂದಳು, ಇದೆಲ್ಲ ಕೇಳಿ. ನೀವು ಮರೆತ ಒಂದೆರಡು ಸಂಗತಿ ಅವಳ ಹತ್ತಿರ ಇದ್ದೇ ಇರುತ್ತವೆ. ಅವಳು ಒಪ್ಪಿದರೆ ನಮಗೂ ಬರೆಯಿರಿ, ಹೆಸರು ಹಾಕುವುದಿಲ್ಲ.