69ನೇ ವಯಸ್ಸಿನಲ್ಲಿ ಒಬ್ಬರೇ ವಿದೇಶದ ಗುಂಪು ಪ್ರವಾಸಕ್ಕೆ ಸೇರಬಹುದೇ?

ನಿಮಗೆ 69 ವರ್ಷ, ಸಂಗಾತಿಯನ್ನು ಕಳೆದುಕೊಂಡು ಎರಡು ವರ್ಷಗಳಾಗಿವೆ, ಯುರೋಪ್ ನೋಡುವ ಆಸೆ ಬಹಳ ಕಾಲದ್ದು. ಆದರೆ ಒಬ್ಬರೇ ಗುಂಪು ಪ್ರವಾಸಕ್ಕೆ ಸೇರಿದರೆ ಉಳಿದವರಿಗೆ ಭಾರವಾಗುತ್ತೀರೋ, ದಂಪತಿಗಳ ನಡುವೆ ಒಂಟಿಯಾಗಿಬಿಡುತ್ತೀರೋ, ನಡುವೆ ಕಾಯಿಲೆ ಬಿದ್ದರೆ ಗತಿಯೇನು ಎಂಬ ಮೂರು ಅಂಜಿಕೆಗಳು ಕಾಡುತ್ತಿವೆ ಎಂದು ಬರೆದಿದ್ದೀರಿ. ನನಗೀಗ 73. ಪತಿ ತೀರಿಕೊಂಡ ಮೇಲೆ, 66ನೇ ವಯಸ್ಸಿನಲ್ಲಿ ಮೊದಲು ಇಟಲಿಗೆ, ಅನಂತರ ಪೋರ್ಚುಗಲ್‌ಗೆ, ಆಮೇಲೆ ಆಸ್ಟ್ರಿಯಾಕ್ಕೆ, ಹೀಗೆ ಮೂರು ಸಲ ಒಬ್ಬಳೇ ಗುಂಪಿನೊಂದಿಗೆ ಹೋಗಿ ಬಂದಿದ್ದೇನೆ. ಖಂಡಿತ ಹೋಗಿ ಎಂಬುದೇ ನನ್ನ ಉತ್ತರ. ಆದರೆ ಯಾವ ದೇಶ ಎಂಬುದಕ್ಕಿಂತ ಮೊದಲು ಎಂಥ ವೇಗದ ಪ್ರವಾಸ ಎಂಬುದನ್ನು ನಿರ್ಧರಿಸಿಕೊಳ್ಳಿ. ನಿಮ್ಮ ಮೂರೂ ಅಂಜಿಕೆಗಳ ಬೇರು ಬಹುಮಟ್ಟಿಗೆ ಅಲ್ಲಿಯೇ ಇದೆ.

ಇಟಲಿಯ ಪ್ರವಾಸವನ್ನು ನಾನು ಊರುಗಳ ಹೆಸರು ನೋಡಿ ಆರಿಸಿದ್ದೆ. ಒಂಬತ್ತು ರಾತ್ರಿಗಳಿಗೆ ಆರು ಹೋಟೆಲುಗಳಿದ್ದವು. ಹೋಟೆಲ್ ಬದಲಾಯಿಸುವ ದಿನಗಳಲ್ಲಿ ಬೆಳಗಿನ ಆರೂವರೆಗೆ ಸೂಟ್‌ಕೇಸನ್ನು ಕೋಣೆಯ ಬಾಗಿಲ ಹೊರಗೆ ಇಟ್ಟಿರಬೇಕು, ಏಳೂವರೆಗೆ ಬಸ್ಸು ಹೊರಡುತ್ತದೆ. ಎದ್ದ ಮೇಲೆ ಮೊಣಕಾಲು ಹದಕ್ಕೆ ಬರಲು ಅರ್ಧ ಗಂಟೆ, ಮಾತ್ರೆಗಳಿಗೆ, ಸ್ನಾನಕ್ಕೆ, ಸಾಮಾನು ಕಟ್ಟಲು ಮತ್ತೊಂದು ಗಂಟೆ ಬೇಕಾಗುವವರಿಗೆ ಇದರ ಅರ್ಥ ನಾಲ್ಕೂವರೆ, ಐದಕ್ಕೆ ಏಳಬೇಕು ಎಂಬುದು. ಆರನೆಯ ದಿನ ಫ್ಲಾರೆನ್ಸ್‌ನಲ್ಲಿ ನಾನು ಜ್ವರ ಬಂದು ಮಲಗಿದೆ. ಅದು ವಯಸ್ಸಿನ ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ, ಏಕೆಂದರೆ 70 ದಾಟಿದ ಮೇಲೆ, ಎರಡೇ ಹೋಟೆಲುಗಳಿದ್ದ ಪೋರ್ಚುಗಲ್ ಪ್ರವಾಸದಲ್ಲಿ ಒಂದು ದಿನವೂ ನಾನು ಹಿಂದೆ ಬೀಳಲಿಲ್ಲ.

ಆದ್ದರಿಂದ ದಿನಚರಿಯ ಹಾಳೆ ಕೈಗೆ ಬಂದಾಗ ಮೊದಲು ಹೋಟೆಲುಗಳನ್ನು ಎಣಿಸಿ, ಅನಂತರ ಬೆಳಿಗ್ಗೆ ಹೊರಡುವ ಸಮಯಗಳನ್ನು ನೋಡಿ, ಒಂದು ಊರಿನಲ್ಲಿ ಮೂರು ರಾತ್ರಿಯಾದರೂ ನಿಲ್ಲುವ ಪ್ರವಾಸವನ್ನೇ ಆರಿಸಿಕೊಳ್ಳಿ. ‘ಒಳಗೆ ಪ್ರವೇಶ’, ‘ಹೊರಗಿನಿಂದ ವೀಕ್ಷಣೆ’, ‘ಫೋಟೋ ನಿಲುಗಡೆ’ ಎಂಬ ಪದಗಳಿಗೆ ಬೇರೆಬೇರೆ ಅರ್ಥವಿದೆ. ಕೊನೆಯದೆಂದರೆ ಬಸ್ಸಿನಿಂದ ಇಳಿದು ಹತ್ತು ಹದಿನೈದು ನಿಮಿಷಗಳಲ್ಲಿ ಮತ್ತೆ ಹತ್ತುವುದು. ದೂರದ ಬಸ್ ಪ್ರಯಾಣದಲ್ಲಿ ಶೌಚಾಲಯದ ಚಿಂತೆಯಿಂದ ನಮ್ಮ ವಯಸ್ಸಿನ ಅನೇಕರು ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಐರೋಪ್ಯ ಒಕ್ಕೂಟದ ನಿಯಮದಂತೆ ಚಾಲಕನು ನಾಲ್ಕೂವರೆ ಗಂಟೆ ಬಸ್ಸು ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ಸಾಮಾನ್ಯವಾಗಿ ಅದಕ್ಕಿಂತ ಬೇಗನೆ, ಎರಡು ಗಂಟೆಗೊಮ್ಮೆ ಬಸ್ಸು ನಿಲ್ಲಿಸುತ್ತಾರೆ. ನಿಮಗೆ ಅದಕ್ಕೂ ಮೊದಲು ಬೇಕಾಗಬಹುದಾದರೆ ಬೆಳಿಗ್ಗೆಯೇ ಟೂರ್ ಮ್ಯಾನೇಜರ್ ಕಿವಿಯಲ್ಲಿ ಹೇಳಿಡಿ.

ಮೆಟ್ಟಿಲುಗಳ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಭಾರವಾಗುತ್ತೇನೆಂಬ ಭಯ ಹುಟ್ಟುವುದು ಅಲ್ಲಿಯೇ. ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಬೆಸಿಲಿಕಾ ಚರ್ಚಿನ ಗುಮ್ಮಟಕ್ಕೆ 551 ಮೆಟ್ಟಿಲುಗಳಿವೆ. ಲಿಫ್ಟ್ ಇದೆಯಲ್ಲ ಎಂದು ಹೊರಟವರೂ ಅದರಿಂದ ಇಳಿದ ಮೇಲೆ 320 ಮೆಟ್ಟಿಲುಗಳನ್ನು ಹತ್ತಲೇಬೇಕು. ದಾರಿ ಕಿರಿದಾಗುತ್ತಾ ಹೋಗುತ್ತದೆ, ಗುಮ್ಮಟದ ಬಾಗುವಿಕೆಗೆ ತಕ್ಕಂತೆ ಗೋಡೆಯೂ ಓರೆಯಾಗುತ್ತದೆ, ನಡುವೆ ಮನಸ್ಸು ಬದಲಾಯಿಸಿ ಹಿಂದಿರುಗುವುದು ಸುಲಭವಲ್ಲ. ನಮ್ಮ ಗುಂಪು ಮೇಲೆ ಹೋಗುವಾಗ ನಾನು ಬರುವುದಿಲ್ಲವೆಂದು ಹೇಳಿ, ಮತ್ತೆ ಸೇರುವ ಜಾಗ ಮತ್ತು ಸಮಯವನ್ನು ಕೇಳಿ ಬರೆದುಕೊಂಡು ಕೆಳಗೇ ಉಳಿದೆ. ಒಳಗೆ ಹೋಗುತ್ತಿದ್ದಂತೆ ಬಲಗಡೆ, ಗಾಜಿನ ಹಿಂದೆ ಮೈಕೆಲೇಂಜೆಲೋನ ಪಿಯೆಟಾ ಎಂಬ ಶಿಲ್ಪ ಇದೆ. ಮಡಿಲಲ್ಲಿ ಮಗ ಯೇಸುವಿನ ದೇಹವನ್ನು ಹೊತ್ತ ತಾಯಿ ಮೇರಿಯ ಬಲಗೈ ಅವನ ತೋಳಿನ ಕೆಳಗೆ ಬಿಗಿಯಾಗಿ ಆನಿಕೊಂಡಿದೆ, ಎಡಗೈ ಮಾತ್ರ ಏನನ್ನೂ ಹಿಡಿಯದೆ ಅಂಗೈ ಮೇಲಾಗಿ ತೆರೆದುಕೊಂಡಿದೆ. ಗುಂಪಿನೊಂದಿಗೆ ಬಂದಿದ್ದರೆ ಎರಡು ನಿಮಿಷ ನೋಡಿ ಮುಂದೆ ಹೋಗುತ್ತಿದ್ದೆ. ಅಂದು ಮುಕ್ಕಾಲು ಗಂಟೆ ಆ ಕೈಯನ್ನು ನೋಡುತ್ತಾ ನಿಂತೆ. ನಾನು ಹತ್ತದೆ ಉಳಿದದ್ದರಿಂದ ಯಾರ ಒಂದು ನಿಮಿಷವೂ ಹಾಳಾಗಲಿಲ್ಲ. ಗುಂಪಿಗೆ ತೊಂದರೆಯಾಗುವುದು ನಿಧಾನವಾಗಿ ನಡೆಯುವವರಿಂದಲ್ಲ, ಆಗುವುದಿಲ್ಲವೆಂದು ಹೇಳಲು ಸಂಕೋಚಪಟ್ಟು ಅರ್ಧ ದಾರಿಯಲ್ಲಿ ಕುಸಿಯುವವರಿಂದ.

ಈಗ ಹೆಚ್ಚಿನ ಗುಂಪುಗಳಲ್ಲಿ ಮಾರ್ಗದರ್ಶಿಯ ಮಾತು ಕೇಳಲು ಕಿವಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಸಾಧನ ಕೊಡುತ್ತಾರೆ. ಇಪ್ಪತ್ತು ಹೆಜ್ಜೆ ಹಿಂದಿದ್ದರೂ ವಿವರಣೆ ಪೂರ್ತಿ ಕೇಳಿಸುತ್ತದೆ. ಧ್ವನಿ ಗರಗರ ಎನ್ನತೊಡಗಿದರೆ ದೂರವಾಗಿದ್ದೀರೆಂದು ತಿಳಿದು ಹೆಜ್ಜೆ ಹಾಕಬಹುದು. ಸಾಮಾನಿನ ವಿಷಯದಲ್ಲಿ ಮಾತ್ರ ಬೇರೆಯವರ ಸಹಾಯವನ್ನು ನೆಚ್ಚಿಕೊಳ್ಳಬೇಡಿ. ವೆನಿಸ್ ಊರೊಳಗೆ ಬಸ್ಸು ಬರುವುದಿಲ್ಲ, ದೋಣಿಯಿಂದ ಇಳಿದ ಮೇಲೆ ಅಡ್ಡ ಬರುವ ಬಹುತೇಕ ಸೇತುವೆಗಳಿಗೆ ಮೆಟ್ಟಿಲುಗಳಿವೆ, ಅಲ್ಲಿ ಗಾಲಿಯ ಸೂಟ್‌ಕೇಸನ್ನೂ ಎತ್ತಿಯೇ ದಾಟಿಸಬೇಕು. ನೀವೇ ಎತ್ತಿ ಹತ್ತು ಮೆಟ್ಟಿಲು ಹತ್ತಲಾರದಷ್ಟು ತೂಕವಿದ್ದರೆ ಮನೆಯಲ್ಲೇ ಅರ್ಧ ತೆಗೆದಿಡಿ.

ಹಣದ ವಿಷಯಕ್ಕೆ ಬಂದರೆ, ಪ್ರಕಟಿಸುವ ದರ ಸಾಮಾನ್ಯವಾಗಿ ಇಬ್ಬರು ಒಂದು ಕೋಣೆ ಹಂಚಿಕೊಂಡಾಗ ತಲಾ ಬೀಳುವ ದರ. ಒಬ್ಬರೇ ಕೋಣೆ ಬೇಕೆಂದರೆ ಸಿಂಗಲ್ ಸಪ್ಲಿಮೆಂಟ್ ಎಂಬ ಹೆಚ್ಚುವರಿ ಮೊತ್ತ ಕೊಡಬೇಕಾಗುತ್ತದೆ. ಕೆಲವು ಕಂಪನಿಗಳು ಕಡಿಮೆ ಜನ ಹೋಗುವ ತಿಂಗಳುಗಳಲ್ಲಿ ಅದನ್ನು ಇಳಿಸುತ್ತವೆ ಅಥವಾ ಬಿಟ್ಟುಬಿಡುತ್ತವೆ, ಆದ್ದರಿಂದ ಕೇಳಲು ಹಿಂಜರಿಯಬೇಡಿ. ಅಪರಿಚಿತರೊಬ್ಬರನ್ನು ಜೊತೆ ಮಾಡಿಕೊಡುತ್ತೇವೆ ಎಂದರೆ, ಜೊತೆ ಸಿಗದಿದ್ದಾಗ ಹೆಚ್ಚುವರಿ ಹಣ ಯಾರದೆಂದು ಲಿಖಿತವಾಗಿ ಪಡೆಯಿರಿ. ನನ್ನ ಮಟ್ಟಿಗೆ ಹೇಳುವುದಾದರೆ, ಪ್ರವಾಸವನ್ನು ಎರಡು ದಿನ ಕಡಿಮೆ ಮಾಡಿಯಾದರೂ ಪ್ರತ್ಯೇಕ ಕೋಣೆಯನ್ನೇ ತೆಗೆದುಕೊಳ್ಳುತ್ತೇನೆ. ರಾತ್ರಿ ಮೂರು ಸಲ ಏಳುವವರಿಗೆ ಇನ್ನೊಬ್ಬರ ನಿದ್ದೆ ಕೆಡಿಸುವ ಚಿಂತೆಯೇ ದೊಡ್ಡ ಆಯಾಸ.

ಒಂಟಿತನದ ಬಗ್ಗೆ ಮರೆಮಾಚದೆ ಹೇಳುತ್ತೇನೆ. ಹಗಲಿನಲ್ಲಿ ಅದು ಕಾಡುವುದಿಲ್ಲ, ಕಾಡುವುದು ಮೊದಲ ರಾತ್ರಿಯ ಊಟದ ಹೊತ್ತಿಗೆ. ರೋಮ್‌ನಲ್ಲಿ ನಾನು ಊಟದ ಕೋಣೆಯ ಬಾಗಿಲಿಗೆ ಬಂದಾಗ ಎಲ್ಲ ಮೇಜುಗಳಲ್ಲೂ ಜೋಡಿಗಳು ಕೂತಿದ್ದರು, ಒಂದು ಕ್ಷಣ ಕೋಣೆಗೆ ಮರಳಿಬಿಡೋಣ ಅನ್ನಿಸಿತ್ತು. ಮರುದಿನದಿಂದ ಹತ್ತು ನಿಮಿಷ ಮೊದಲೇ ಹೋಗಿ ಆರು ಜನರ ಮೇಜಿನಲ್ಲಿ ಕೂರತೊಡಗಿದೆ. ಆಮೇಲೆ ಬಂದವರು ನನ್ನನ್ನು ಕೇಳಿ ಪಕ್ಕದಲ್ಲಿ ಕೂತರು. ಸೇರುವ ಮೊದಲು ಗುಂಪಿನಲ್ಲಿ ಒಟ್ಟು ಎಷ್ಟು ಜನ, ಒಬ್ಬರೇ ಬರುವವರು ಎಷ್ಟು ಎಂದು ಕೇಳಿ. ಹೆಸರು ಹೇಳುವುದಿಲ್ಲ, ಸಂಖ್ಯೆ ಹೇಳುತ್ತಾರೆ. ನಲವತ್ತು ಜನರ ಗುಂಪಿಗಿಂತ ಹದಿನೈದು, ಇಪ್ಪತ್ತು ಜನರ ಗುಂಪಿನಲ್ಲಿ ಪರಿಚಯ ಬೇಗ ಬೆಳೆಯುತ್ತದೆ, ಬಸ್ಸು ಹತ್ತಿ ಇಳಿಯುವುದಕ್ಕೂ ಕಡಿಮೆ ಹೊತ್ತು ಹಿಡಿಯುತ್ತದೆ.

ಇನ್ನು ಕಾಯಿಲೆ. ಫ್ಲಾರೆನ್ಸ್‌ನಲ್ಲಿ ನಾನು ಮಲಗಿದಾಗ ಟೂರ್ ಮ್ಯಾನೇಜರ್ ಹೋಟೆಲಿಗೇ ವೈದ್ಯರನ್ನು ಕರೆಸಿದರು, ರಾತ್ರಿ ಎರಡು ಸಲ ಬಂದು ವಿಚಾರಿಸಿದರು, ಆದರೆ ಮರುದಿನ ಬೆಳಿಗ್ಗೆ ಅವರು ನನ್ನನ್ನು ಬಿಟ್ಟು ಗುಂಪಿನೊಂದಿಗೆ ವೆನಿಸ್‌ಗೆ ಹೋಗಲೇಬೇಕಾಯಿತು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು: ಒಬ್ಬರಿಗಾಗಿ ಗುಂಪು ನಿಲ್ಲುವುದಿಲ್ಲ, ನಿಲ್ಲಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಆ ಎರಡು ದಿನ ನನ್ನ ಕೈ ಹಿಡಿದದ್ದು ವಿಮಾ ಸಹಾಯವಾಣಿ. ಹೆಚ್ಚಿನ ದಿನಗಳ ಹೋಟೆಲ್ ಬಾಡಿಗೆಗೆ ಅನುಮತಿ ಕೊಟ್ಟು, ಯಾವ ರಸೀದಿಗಳನ್ನು ಇಟ್ಟುಕೊಳ್ಳಬೇಕೆಂದು ಹೇಳಿದರು; ಜ್ವರ ಇಳಿದ ಮೇಲೆ ರೈಲು ಹಿಡಿದು ಎರಡು ಗಂಟೆಯಲ್ಲಿ ವೆನಿಸ್ ಸೇರಿಕೊಂಡೆ.

ಯುರೋಪಿನ ಬಹಳಷ್ಟು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕಾದವರಿಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ಅದು ಕನಿಷ್ಠ ಮಿತಿ ಮಾತ್ರ, ನಮ್ಮ ವಯಸ್ಸಿಗೆ ಅದಕ್ಕಿಂತ ಹೆಚ್ಚಿನದನ್ನೇ ಕೊಳ್ಳಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಏನೇ ಇದ್ದರೂ ಅರ್ಜಿಯಲ್ಲಿ ಮುಚ್ಚಿಡಬೇಡಿ, ಮುಚ್ಚಿಟ್ಟ ಕಾಯಿಲೆಯ ಖರ್ಚನ್ನು ಕೊಡಲು ವಿಮಾ ಕಂಪನಿಯವರು ನಿರಾಕರಿಸಬಹುದು. ಮಾತ್ರೆಗಳು ಮೂಲ ಪೊಟ್ಟಣದಲ್ಲೇ ಕೈಚೀಲದಲ್ಲಿರಲಿ, ವೈದ್ಯರ ಚೀಟಿಯಲ್ಲಿ ಬ್ರಾಂಡ್ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. ನಾಲ್ಕು ಗಂಟೆಗಿಂತ ಹೆಚ್ಚಿನ ವಿಮಾನ ಪ್ರಯಾಣದಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದರಿಂದ ಆಗಾಗ ಎದ್ದು ನಡೆಯಿರಿ. ಬಿಗಿ ಕಾಲುಚೀಲ ಬೇಕೇ ಎಂದು ವೈದ್ಯರನ್ನೇ ಕೇಳಿ. ಯುರೋಪಿನ ವಿಮಾನ ನಿಲ್ದಾಣಗಳಲ್ಲಿ ವೀಲ್‌ಚೇರ್ ನೆರವು ಉಚಿತ, 48 ಗಂಟೆ ಮೊದಲು ತಿಳಿಸಿರಬೇಕು. ತುರ್ತು ಕರೆಗೆ ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲೂ 112.

ಹಣ ಕಟ್ಟುವ ಮೊದಲು ಕಂಪನಿಗೆ ಒಂದು ಪತ್ರ ಬರೆಯಿರಿ: ಹೋಟೆಲುಗಳೆಷ್ಟು, ಅವುಗಳಲ್ಲಿ ಲಿಫ್ಟ್ ಇದೆಯೇ, ದಿನಕ್ಕೆ ಎಷ್ಟು ಕಿಲೋಮೀಟರ್ ನಡಿಗೆ, ಒಬ್ಬರು ಆಸ್ಪತ್ರೆ ಸೇರಿದರೆ ಯಾರು ಏನು ಮಾಡುತ್ತಾರೆ. ಆಸ್ಟ್ರಿಯಾಕ್ಕೆ ಹೊರಡುವಾಗ ನಾನು ಇದೇ ಪತ್ರವನ್ನು ಮೂರು ಕಡೆಗೆ ಕಳಿಸಿದ್ದೆ. ಎರಡು ಕಡೆಯಿಂದ ‘ಏನೂ ಚಿಂತೆ ಬೇಡ, ನಾವಿದ್ದೇವೆ’ ಎಂಬ ಉತ್ತರ ಬಂತು. ಮೂರನೆಯವರು ಯಾವ ದಿನ ಎಷ್ಟು ನಡಿಗೆ, ಯಾವ ಹೋಟೆಲಿನಲ್ಲಿ ಲಿಫ್ಟ್‌ಗೆ ಮೊದಲು ಐದು ಮೆಟ್ಟಿಲುಗಳಿವೆ ಎಂಬುದನ್ನೂ ಬರೆದು ಕಳಿಸಿದರು. ನಾನು ಅವರ ಜೊತೆ ಹೋದೆ.