ಟ್ರೆಕ್ಕಿಗೆ ಮಡಚುವ ಚಾಕು: ಹೆಸರಲ್ಲ, ಉಕ್ಕು ನೋಡಿ

ಪುಣೆ ಹತ್ತಿರದ ರಾಜಗಡ, ತೋರಣಾ ಕೋಟೆಗಳ ಕಡೆ ಹೋಗುವಾಗ ಹಣ್ಣು, ಸೌತೆಕಾಯಿ ಹೆಚ್ಚೋಕೆ ಕಡಿಮೆ ದುಡ್ಡಿನ ಮಡಚುವ ಚಾಕು ಯಾವುದು ಅಂತ ಕೇಳಿದ್ದೀರಿ. ನಾನೂ ಪುಣೆಯಲ್ಲೇ ಇರೋದು, ಕೋಥ್ರೂಡ್.

ಬರೀ 'ಸ್ಟೇನ್‌ಲೆಸ್ ಸ್ಟೀಲ್' ಅಂತ ಬರೆದಿದ್ದರೆ ಬಿಟ್ಟುಬಿಡಿ. 8ಸಿಆರ್13ಎಂಒವಿ (8Cr13MoV) ಅಂತಿದ್ದರೆ ನಿಮ್ಮ ಕೆಲಸಕ್ಕೆ ಸಾಕು. ಚೀನಾದ ಉಕ್ಕು, ಅಗ್ಗ, ಸಾಣೆ ಹಿಡಿಯೋದೂ ಸುಲಭ. ಡಿ2 (D2) ಅನ್ನೋ ಇನ್ನೊಂದು ಉಕ್ಕಿನಲ್ಲಿ ಹರಿತ ಜಾಸ್ತಿ ದಿನ ಉಳಿಯುತ್ತದೆ, ಆದರೆ ಒದ್ದೆ ಬಿಟ್ಟರೆ ತುಕ್ಕು.

ನನ್ನ ಹತ್ತಿರ ಇರೋದು ಒಪಿನೆಲ್ ಕಂಪನಿಯ ನಂಬರ್ 8. ಫ್ರಾನ್ಸಿನದು, ಮರದ ಹಿಡಿ, 8.5 ಸೆಂ.ಮೀ. ಅಲಗು. ಅಲಗು ತೆಳ್ಳಗಿದೆ, ಟೊಮೇಟೊ ಹಿಸುಕದೆ ಕತ್ತರಿಸುತ್ತದೆ. ಕಾರ್ಬನ್ ಉಕ್ಕಿನದು ತಗೊಂಡಿದ್ದು ಮಾತ್ರ ನನ್ನ ದಡ್ಡತನ. ಜುಲೈ ಮಳೆಯಲ್ಲಿ ನಿಂಬೆಹಣ್ಣು ಕೊಯ್ದು ಒರೆಸದೆ ಮಡಚಿಟ್ಟೆ. ಬೆಳಗ್ಗೆ ಅಲಗಿನ ತುಂಬ ಕಪ್ಪು ಕಲೆ! ಸಾಲದ್ದಕ್ಕೆ ಒದ್ದೆಯಾದ ಮರದ ಹಿಡಿ ಉಬ್ಬಿ ಅಲಗು ಹೊರಗೇ ಬರಲಿಲ್ಲ. ಅಲಗಿನ ಬುಡದಲ್ಲಿರೋ ಬೀಗದ ಉಂಗುರ ತಿರುಗಿಸಿ, ಹಿಡಿಯ ಬುಡವನ್ನು ಕಲ್ಲಿಗೆ ಟಪ್ ಅಂತ ಕುಟ್ಟಿದ ಮೇಲೆ ತುದಿ ಇಣುಕಿತು. ನೀವು ಸ್ಟೇನ್‌ಲೆಸ್ ಅಲಗಿನದೇ ಕೇಳಿ ತಗೊಳ್ಳಿ, ಅದರಲ್ಲೂ ಇದೇ ನಂಬರ್ 8 ಇದೆ.

ಅಂಗಡಿಯಲ್ಲಾದರೆ ತೆರೆದು, ಅಲಗನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಟಕಟಕ ಅಂದರೆ ವಾಪಸ್ ಕೊಡಿ. ಹತ್ತು ಕೆಲಸ ಮಾಡೋ ಅಗ್ಗದ ಚಾಕು ಸುಮ್ನೆ ಭಾರ, ಒಂದೇ ಅಲಗಿನದು ತಗೊಂಡು ಉಳಿದ ದುಡ್ಡಲ್ಲಿ ಸಾಣೆಕಲ್ಲು ತಗೊಳ್ಳಿ. ಬಟನ್ ಒತ್ತಿದರೆ ಚಿಮ್ಮುವಂಥದ್ದು ಬೇಡವೇ ಬೇಡ, ಪೊಲೀಸರಿಗೆ ಉತ್ತರ ಹೇಳುತ್ತ ಕೂರಬೇಕಾದೀತು.

ಊರಿಗೆ ವಿಮಾನದಲ್ಲಿ ಹೋಗುವಾಗ ಮರೆಯದೆ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿದ್ದರೆ ಲೋಹಗಾಂವ್ ವಿಮಾನ ನಿಲ್ದಾಣದಲ್ಲೇ ಅದಕ್ಕೆ ಟಾಟಾ ಹೇಳಬೇಕು.